ಫೋಟೋದಲ್ಲಿ ಇಲ್ಲದ ದಾದಿಮಾ

ಛಾಯಾಗ್ರಾಹಕಿ ದಯಾನಿತಾ ಸಿಂಗ್ ಅವರ ಎಷ್ಟೋ ಕಪ್ಪು-ಬಿಳುಪು ಚಿತ್ರಗಳಲ್ಲಿ ಮನುಷ್ಯರೇ ಇಲ್ಲ. ಖಾಲಿ ಕುರ್ಚಿ, ಖಾಲಿ ಹಾಸಿಗೆ, ಯಾರೂ ಇಲ್ಲದ ಕೋಣೆ. 2022ರಲ್ಲಿ ಅವರಿಗೆ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿ ಬಂತು. ಆ ಕುರ್ಚಿಯನ್ನು ನೋಡುವಾಗ ನಮಗೆ ನೆನಪಾಗುವುದು ಕುರ್ಚಿಯಲ್ಲ, ಅದರಿಂದ ಎದ್ದು ಹೋದವರು.

ಅದೇ ಕಣ್ಣಿನಿಂದ ನಿಮ್ಮ ಮನೆಯ ಹಳೆಯ ಫೋಟೋ ನೋಡಿ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯವರಾದರೆ ಅದು ಹೀಗಿದ್ದೀತು: ಶಹಾಬಾದ್ ಕಲ್ಲು ಹಾಸಿದ ಅಂಗಳ, ಶೇರ್ವಾನಿ ತೊಟ್ಟ ದಾದಾ, ಪಕ್ಕದಲ್ಲಿ ಗಂಡುಮಕ್ಕಳು, ಹಿಂದೆ ಅರ್ಧ ಸರಿದ ಪರದೆ. ದಾದಿಮಾ ಎಲ್ಲಿ?

‘ಆಗ ಪರ್ದಾ ಇತ್ತಲ್ಲ’ ಎಂದು ಮಾತು ಮುಗಿಸುವುದು ಸುಲಭ. ಆದರೆ ಸಂಗತಿ ಅಷ್ಟು ಸರಳವಲ್ಲ. ಈ ಊರುಗಳೆಲ್ಲ ಆಗ ನಿಜಾಮರ ರಾಜ್ಯದಲ್ಲಿದ್ದವು. ವಾಡಿಯಿಂದ ಚಿತ್ತಾಪುರ, ಸೇಡಂ ಮೂಲಕ ಹೈದರಾಬಾದಿಗೆ 1874ರಲ್ಲೇ ರೈಲು ಓಡಿತ್ತು. ಅದೇ ಹೈದರಾಬಾದಿನಲ್ಲಿ ನಿಜಾಮರ ಛಾಯಾಗ್ರಾಹಕ ರಾಜಾ ದೀನ್ ದಯಾಳ್ 1892ರಲ್ಲಿ ಮಹಿಳೆಯರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದರು. ಅದನ್ನು ನಡೆಸುತ್ತಿದ್ದವರು ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆ. ಅಂದರೆ ಪರ್ದಾವೂ ಉಳಿಯಿತು, ಫೋಟೋವೂ ಆಯಿತು. (ಬಡವರ ಮನೆಯ ಹೆಣ್ಣುಮಕ್ಕಳಿಗೆ ಆ ಸ್ಟುಡಿಯೋ ಎಟುಕುತ್ತಿರಲಿಲ್ಲ, ಆ ಮಾತು ಬೇರೆ.)

ಆದ್ದರಿಂದ ದಾದಿಮಾರ ಚಿತ್ರವೇ ಇಲ್ಲ ಎಂದು ತೀರ್ಮಾನಿಸುವ ಮೊದಲು ಅವರ ಸಂದೂಕದ ತಳವನ್ನೊಮ್ಮೆ ನೋಡಿ. ಅಂಗಳದ ಫೋಟೋ ಬಂದವರಿಗೆ ತೋರಿಸಲು ಇತ್ತು, ಅವರದು ಮನೆಯವರಿಗೆ ಮಾತ್ರ ಇದ್ದಿರಬಹುದು. ಹಜ್‌ಗೆಂದು ಪಾಸ್‌ಪೋರ್ಟ್ ಮಾಡಿಸಿದಾಗ ತೆಗೆಸಿದ್ದೇ ಅವರ ಮೊದಲ ಫೋಟೋ ಇದ್ದರೂ ಇದ್ದೀತು. ಅಥವಾ ಅವರನ್ನು ಕರೆಯಬೇಕೆಂದು ಯಾರಿಗೂ ಅನಿಸದೇ ಇದ್ದಿರಲೂಬಹುದು. ನನಗೆ ನೋವಾಗುವುದು ಈ ಕೊನೆಯದಕ್ಕೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಅಗಲಿಕೆಯೂ ನಮ್ಮ ಕಡೆಯ ಫೋಟೋಗಳಲ್ಲಿದೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಹೋದವರು ಕೆಲವು ಮನೆಗಳಿಗೆ ಮರಳಲಿಲ್ಲ. ಪಂಡಿತ್ ಸುಂದರಲಾಲ್ ಸಮಿತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಹೆಸರಿಸಿತ್ತು. ದಾದಿಮಾ ಮನೆಯಲ್ಲಿದ್ದರು, ಫೋಟೋದಲ್ಲಿರಲಿಲ್ಲ. ಇವರು ಫೋಟೋದಲ್ಲಿ ಮಾತ್ರ ಉಳಿದರು. ಎಷ್ಟೋ ಕಡೆ ‘ಇವರು ಯಾರು?’ ಎಂದು ಮಕ್ಕಳು ಕೇಳಿದರೆ ಹೇಳುವವರು ಈಗ ಒಬ್ಬರೋ ಇಬ್ಬರೋ ಇದ್ದಾರೆ.

ಅವರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತು ಕೇಳಿ. ಫೋಟೋದಲ್ಲಿ ಇರುವವರ ಹೆಸರಷ್ಟೇ ಅಲ್ಲ, ಆಗ ಪರದೆಯ ಹಿಂದೆ ಯಾರಿದ್ದರು, ಫೋಟೋ ತೆಗೆದವರಿಗೆ ಚಹಾ ಮಾಡಿದ್ದು ಯಾರು ಎಂದೂ ಕೇಳಿ. ಫೋಟೋದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆದಿಡಿ. ಬಾಲ್‌ಪೆನ್ ಬೇಡ, ಒತ್ತಿ ಬರೆದರೆ ಗುರುತು ಮುಂಬದಿಯ ಮುಖಗಳ ಮೇಲೆ ಮೂಡುತ್ತದೆ.