ದಾನಿಯ ಹೆಸರು, ಸರ್ಕಾರದ ಹಾಜರಿ ಪುಸ್ತಕ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ದಾವಣಗೆರೆಯ ಪರೀಕ್ಷಾ ಕೇಂದ್ರಗಳ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಮೋತಿ ವೀರಪ್ಪ, ರಾಜನಹಳ್ಳಿ ಸೀತಮ್ಮ... ಶಾಲೆ ಸರ್ಕಾರದ್ದು, ಹೆಸರು ಮಾತ್ರ ಊರಿನ ಮನೆತನದ್ದು. ಜಿಲ್ಲಾಸ್ಪತ್ರೆಯನ್ನೂ ಇಲ್ಲಿನವರು ಚಿಗಟೇರಿ ಆಸ್ಪತ್ರೆ ಅಂತಲೇ ಕರೆಯುವುದು. ದೊಡ್ಡ ಕಾಲೇಜುಗಳ ಊರು ಎಂದು ಹೆಸರಾದ ದಾವಣಗೆರೆಯನ್ನು ಅರಿಯಲು ನಾನಾದರೆ ಮೊದಲು ಈ ಸರ್ಕಾರಿ ಹೈಸ್ಕೂಲುಗಳ ಬೋರ್ಡು ನೋಡಿ ಎನ್ನುತ್ತೇನೆ.

ಇದು ಮೊದಲಿನಿಂದಲೂ ವ್ಯಾಪಾರದ ಊರು. ಹೈದರಾಲಿ ಇದನ್ನು ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ, ಅವನು ವರ್ತಕರನ್ನು ಕರೆದು ನೆಲೆ ನಿಲ್ಲಿಸಿದ ಎನ್ನುತ್ತದೆ ಗೆಜೆಟಿಯರು. ಪೇಟೆ ಬೆಳೆದಷ್ಟು ಬೇಗ ಶಾಲೆ ಬೆಳೆಯಲಿಲ್ಲ. ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪ ಓದಿದ್ದು ದಾವಣಗೆರೆಯ ಎ.ವಿ. ಸ್ಕೂಲಿನಲ್ಲಿ. ಹೈಸ್ಕೂಲಿಗೆ 1919ರಲ್ಲಿ ಅವರು ಹೋದದ್ದು ಚಿತ್ರದುರ್ಗದ ಮುನಿಸಿಪಲ್ ಹೈಸ್ಕೂಲಿಗೆ. ಅಲ್ಲಿಗೆ ಅರವತ್ತು ಕಿಲೊಮೀಟರು ದೂರ. ಪರವೂರಲ್ಲಿ ಊಟ, ವಸತಿಗೆ ದಾರಿಯಿದ್ದ ಮನೆಯ ಹುಡುಗನಷ್ಟೇ ಹಾಗೆ ಹೋಗಬಲ್ಲವನಾಗಿದ್ದ. ಹುಡುಗಿಯರ ಮಾತಂತೂ ದೂರವೇ ಉಳಿಯಿತು. ಅಂಥ ಊರಿನಲ್ಲಿ ಹೆಣ್ಣುಮಕ್ಕಳ ಸರ್ಕಾರಿ ಶಾಲೆಯೊಂದು ಸೀತಮ್ಮ ಎಂಬ ಹೆಣ್ಣಿನ ಹೆಸರನ್ನೇ ಹೊತ್ತು ನಿಂತಿರುವುದನ್ನು ನೆನೆದರೆ ನನಗೆ ಈಗಲೂ ಸಂತೋಷವಾಗುತ್ತದೆ.

ರಾಜನಹಳ್ಳಿ ಇರುವುದು ಹರಿಹರ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದಲ್ಲಿ. ದಾವಣಗೆರೆಯ ನಲ್ಲಿಗಳಿಗೆ ಅಲ್ಲಿಂದಲೂ ನೀರು ಬರುತ್ತದೆ. ಆ ಊರನ್ನು ಹೆಸರಿನ ಮುಂದೆ ಇಟ್ಟುಕೊಂಡ ಮನೆತನ ಛತ್ರ ಕಟ್ಟಿಸಿತು, ವಿದ್ಯೆಗೂ ಕೈಬಿಚ್ಚಿ ಕೊಟ್ಟಿತು. ಡಿ.ಆರ್.ಎಂ. ಕಾಲೇಜಿನ ಮೂರು ಅಕ್ಷರಗಳನ್ನು ಬಿಡಿಸಿದರೆ ಸಿಗುವುದು ಧರ್ಮರತ್ನಾಕರ ರಾಜನಹಳ್ಳಿ ಮದ್ದೂರಾಯಪ್ಪ. ಧರ್ಮರತ್ನಾಕರ ಎಂಬುದು ಮೈಸೂರು ಅರಸರು ದಾನಿಗಳಿಗೆ ಕೊಡುತ್ತಿದ್ದ ಬಿರುದು. ಕವಿ ಜಿ.ಎಸ್. ಶಿವರುದ್ರಪ್ಪನವರು ಅಧ್ಯಾಪಕ ವೃತ್ತಿ ಆರಂಭಿಸಿದ್ದು ಇದೇ ಕಾಲೇಜಿನಲ್ಲಿ. 1992ರಲ್ಲಿ ದಾವಣಗೆರೆಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿ ಬಂದರು.

ಹಳೆಯ ಮೈಸೂರಿನಲ್ಲಿ ಕಟ್ಟಡಕ್ಕೆ ದಾನಿಯ ಹಣ, ಮೇಷ್ಟ್ರ ಸಂಬಳಕ್ಕೆ ಸರ್ಕಾರದ ಬೊಕ್ಕಸ ಎಂಬ ಒಪ್ಪಂದ ಅನೇಕ ಊರುಗಳಲ್ಲಿ ನಡೆಯಿತು. ಅದರ ಸೊಗಸು ಏನೆಂದರೆ, ಕೊಟ್ಟವರು ಯಾರಿಗೆ ಸೀಟು ಎಂದು ಕೇಳುವಂತಿರಲಿಲ್ಲ. ಮುಂದೆ ಊರಿನ ಕೊಡುಗೆ ಬೇರೆ ದಾರಿ ಹಿಡಿಯಿತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು, 1979ರಲ್ಲಿ ಬಿ.ಐ.ಇ.ಟಿ. ಎಂಜಿನಿಯರಿಂಗ್ ಕಾಲೇಜು ಬಂದವು. ದಾವಣಗೆರೆಗೆ ಇವು ದೊಡ್ಡ ಹೆಸರು ತಂದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಿನ ಹಣ ಮತ್ತು ಗಮನ ಎರಡೂ ಖಾಸಗಿ ಸಂಸ್ಥೆಗಳ ಕಡೆ ಹರಿದ ಮೇಲೆ ಸರ್ಕಾರಿ ಹೈಸ್ಕೂಲು ಬರೀ ಸರ್ಕಾರದ್ದಾಗಿ ಉಳಿಯಿತು. ಅದು ನಷ್ಟವೆಂದೇ ನನ್ನ ಎಣಿಕೆ.

ಹರಿಹರದ ಕಥೆ ಇನ್ನೊಂದು ಬಗೆಯದು. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ವರ್ಕ್‌ಶಾಪುಗಳನ್ನೆಲ್ಲ ಸೇರಿದವು. ಊರಿನ ಅಂಚಿನಲ್ಲಿ ಯಂತ್ರಪುರ ಎಂಬ ಬಡಾವಣೆಯೇ ಎದ್ದಿತು. ಕಾರ್ಖಾನೆಯ ವಿದ್ಯಾಟ್ರಸ್ಟಿನ ಶಾಲೆಯನ್ನು ಜನ ಎಂ.ಕೆ.ಇ.ಟಿ. ಎನ್ನುತ್ತಾರೆ. ಟರ್ನರ್, ಫಿಟ್ಟರ್‌ಗಳ ಮಕ್ಕಳು ಕಲಿತ ಶಾಲೆ ಅದು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಶಾಲೆ ಮಾತ್ರ ನಡೆಯುತ್ತಲೇ ಇದೆ. ದಾವಣಗೆರೆಯ ಹತ್ತಿ ಗಿರಣಿಗಳೂ ಒಂದೊಂದಾಗಿ ನಿಂತುಹೋದವು. ಗಿರಣಿ ಕಾರ್ಮಿಕರ ಬಲದಿಂದ ಕಾಮ್ರೇಡ್ ಪಂಪಾಪತಿಯವರನ್ನು 1978, 1983, 1985ರಲ್ಲಿ ವಿಧಾನಸಭೆಗೆ ಕಳಿಸಿದ ಊರಿದು. ಆ ಕಾರ್ಮಿಕರ ಮೊಮ್ಮಕ್ಕಳು ಈಗ ಎಲ್ಲಿ ಓದುತ್ತಾರೆ ಎಂದು ಕೇಳಿದರೆ ಹೊರವಲಯದ ಸರ್ಕಾರಿ ಹೈಸ್ಕೂಲಿಗೆ ಬರಬೇಕಾಗುತ್ತದೆ.

ನಿಟುವಳ್ಳಿ, ಆವರಗೆರೆ, ಶಾಮನೂರು ಒಂದು ಕಾಲಕ್ಕೆ ಬೇರೆ ಬೇರೆ ಹಳ್ಳಿಗಳು. ಈಗ ಪಾಲಿಕೆಯ ವಾರ್ಡುಗಳು. ಇಂಥ ಕಡೆಯ ಹೈಸ್ಕೂಲಿಗೆ ಎಂಟನೇ ತರಗತಿಗೆ ಟಿ.ಸಿ. ಹಿಡಿದು ಬರುವ ಮಕ್ಕಳು ಸುತ್ತಲಿನ ಹಲವು ಪ್ರಾಥಮಿಕ ಶಾಲೆಗಳವರು. ತಂದೆ ಹಮಾಲಿಯೋ ಗಾರೆ ಕೆಲಸದವನೋ ಆಗಿರುತ್ತಾನೆ. ತಾಯಿ ಬೀಡಿ ಕಟ್ಟುತ್ತಾಳೆ, ಇಲ್ಲವೇ ಮಂಡಕ್ಕಿ ಭಟ್ಟಿಗೆ ಹೋಗುತ್ತಾಳೆ. ದಾವಣಗೆರೆಯ ಮಂಡಕ್ಕಿ-ಮೆಣಸಿನಕಾಯಿಯನ್ನು ನಾಡೆಲ್ಲ ಹೊಗಳುತ್ತದೆ. ಆ ಮಂಡಕ್ಕಿ ಹುರಿಯುವ ಮನೆಯಲ್ಲಿ ಬೆಳಗಿನ ಜಾವವೇ ಒಲೆ ಹೊತ್ತುತ್ತದೆ, ಹೊಗೆ ಮಕ್ಕಳ ಕಣ್ಣಿಗೂ ಇಳಿಯುತ್ತದೆ. ಅಂಥ ಮನೆಯ ಹುಡುಗ ಎರಡು ದಿನ ಬರದಿದ್ದರೆ ಮನೆ ಹುಡುಕಿಕೊಂಡು ಹೋಗುವ ಮೇಷ್ಟ್ರುಗಳಿದ್ದಾರೆ. ಹಾಜರಿ ಪುಸ್ತಕವೆಂದರೆ ಅವರಿಗೆ ಕೇವಲ ಟಿಕ್ ಹಾಕುವ ಕಾಗದವಲ್ಲ.

ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ, ಮರಾಠಿ. ಶಾಲೆಯ ಅಂಗಳದಲ್ಲಿ ಮಾತ್ರ ‘ಯಾಕಲೇ, ಎಲ್ಲಿಗೆ ಹೊಂಟಿ’ ಎನ್ನುವ ದಾವಣಗೆರೆ ಕನ್ನಡ. ಮಧ್ಯಾಹ್ನದ ಬಿಸಿಯೂಟ ಹೈಸ್ಕೂಲಿಗೆ ಬಂದದ್ದು 2007-08ರ ಹೊತ್ತಿಗೆ. ಅದಕ್ಕೂ ಒಂದು ವರ್ಷ ಮೊದಲು ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರದ ಸೈಕಲ್ ಬಂತು. ದೂರದ ಬಡಾವಣೆಯ ಹುಡುಗಿಯನ್ನು ಏಳನೇ ತರಗತಿಗೆ ಬಿಡಿಸಿ ಮನೆಯಲ್ಲಿ ಕೂರಿಸುತ್ತಿದ್ದ ಅಪ್ಪಂದಿರ ಮನಸ್ಸನ್ನು ಆ ಸೈಕಲ್ ಬದಲಿಸಿತು. ಜಾಣ ಮಕ್ಕಳನ್ನು ಎಂಟನೇ ತರಗತಿಯಲ್ಲೇ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಗೆ ತಯಾರು ಮಾಡುತ್ತಾರೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಬೀಡಿ ಕಟ್ಟುವ ಮನೆಗೆ ಅದು ಓದು ಬಿಡಿಸದಿರಲು ಸಾಕಾಗುವ ಮೊತ್ತ.

ಹತ್ತನೇ ತರಗತಿಯೆಂದರೆ ಶಾಲೆಯ ಮರ್ಯಾದೆಯ ಪ್ರಶ್ನೆ. ಒಟ್ಟು 625 ಅಂಕ, ಪ್ರಥಮ ಭಾಷೆಗೇ 125. ಬೆಳಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಗುಂಪು ಓದು, ಹಿಂದುಳಿದವರಿಗೆ ‘ಪಾಸಿಂಗ್ ಪ್ಯಾಕೇಜ್’. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದಾಗ ರಾಜ್ಯದ ಫಲಿತಾಂಶ ಇಳಿಯಿತು. ಇಳಿದ ಅಂಕಿಗೆ ಮೇಷ್ಟ್ರನ್ನು ಬೈದವರೇ ಹೆಚ್ಚು. ಗಣಿತಕ್ಕೋ ವಿಜ್ಞಾನಕ್ಕೋ ವರ್ಷದ ಅರ್ಧದವರೆಗೂ ಅತಿಥಿ ಶಿಕ್ಷಕರು ಸಿಗದ ಶಾಲೆಗಳ ಬಗ್ಗೆ ಯಾರೂ ಅಷ್ಟು ಜೋರಾಗಿ ಮಾತಾಡಲಿಲ್ಲ.

ಊರ ನಡುವಿನ ಹೈಸ್ಕೂಲ್ ಮೈದಾನವನ್ನು ಬಲ್ಲವರಿಗೆ ಇನ್ನೊಂದು ಸಂಗತಿ ಗೊತ್ತು. ರಾಜಕೀಯ ಸಮಾವೇಶ, ಗಣಪತಿ ಪ್ರತಿಷ್ಠಾಪನೆ, ಸರ್ಕಸ್ಸು, ವಸ್ತುಪ್ರದರ್ಶನ ಎಲ್ಲಕ್ಕೂ ಆ ಬಯಲೇ ಬೇಕು. ಬಸ್ ನಿಲ್ದಾಣವನ್ನು ಹೊಸದಾಗಿ ಕಟ್ಟುವಾಗ ಬಸ್ಸುಗಳೂ ಅಲ್ಲಿಗೇ ಬಂದು ನಿಂತವು. ಊರಿಗೆ ಜಾಗ ಬೇಕಾದಾಗ ಸರ್ಕಾರಿ ಶಾಲೆ ಮೊದಲು ನೆನಪಾಗುತ್ತದೆ. ಶಾಲೆಗೆ ಏನಾದರೂ ಬೇಕಾದಾಗಲೂ ಊರು ಹಾಗೆಯೇ ನೆನಪಿಗೆ ಬರಬೇಕಲ್ಲವೇ?

ಈಚಿನ ವರ್ಷಗಳಲ್ಲಿ ಹಳೆಯ ವಿದ್ಯಾರ್ಥಿಗಳ ಗುರುವಂದನೆಗಳು ಹೆಚ್ಚಿವೆ. ವಾಟ್ಸಾಪ್ ಗುಂಪಿನಲ್ಲಿ ಸೇರಿದ ಬ್ಯಾಚಿನವರು ಬೆಂಗಳೂರಿನಿಂದ, ದುಬೈನಿಂದ ಬಂದು ನಿವೃತ್ತ ಮೇಷ್ಟ್ರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಕಾಲಿಗೆರಗುತ್ತಾರೆ. ಕಣ್ಣು ತುಂಬಿಬರುವ ಕಾರ್ಯಕ್ರಮಗಳು ಅವು, ನಡೆಯಲಿ. ಜತೆಗೆ ಅದೇ ದಿನ ಶಾಲೆಯ ಎಚ್.ಎಂ. ಕೋಣೆಗೆ ಹೋಗಿ ಪ್ರಯೋಗಾಲಯಕ್ಕೆ ಏನು ಬೇಕು, ಹುಡುಗಿಯರ ಶೌಚಾಲಯಕ್ಕೆ ನೀರಿದೆಯೇ, ಎನ್‌ಎಂಎಂಎಸ್ ತರಬೇತಿಗೆ ಪುಸ್ತಕಗಳಿವೆಯೇ ಎಂದು ಕೇಳಿ. ಎಚ್.ಎಂ. ಹತ್ತಿರ ಪಟ್ಟಿ ಬರೆದಿಟ್ಟದ್ದು ಇದ್ದೇ ಇರುತ್ತದೆ.