ಶಾರ್ವರಿಯ ಜಮಾಖರ್ಚು

ಅರುವತ್ತು ಸಂವತ್ಸರಗಳ ಹೆಸರನ್ನು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದವರಿಗೂ ಅವುಗಳ ಅರ್ಥ ನೆನಪಿರುವುದು ಕಡಮೆ. ಶಾರ್ವರಿ ಎಂದರೆ ಇರುಳು. 2020ರ ಮಾರ್ಚ್ 25ರಂದು ಯುಗಾದಿಯೊಡನೆ ಆ ಸಂವತ್ಸರ ಕಾಲಿಟ್ಟಿತು; ಅದೇ ದಿನದಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಹೆಸರಿಟ್ಟ ಹಿರಿಯರಿಗೆ ಇದೆಲ್ಲ ಮೊದಲೇ ತಿಳಿದಿತ್ತೆಂದು ನಾನು ವಾದಿಸಲಾರೆ. ಅರುವತ್ತು ಹೆಸರುಗಳಲ್ಲಿ ಒಂದೆರಡು ಸಂದರ್ಭಕ್ಕೆ ಹೊಂದಿಕೊಂಡರೆ ಆಶ್ಚರ್ಯವೇನು? ಆದರೂ ನಮ್ಮ ಮನೆಯಲ್ಲಿ ಆ ಕಾಲದ ಮಾತು ಬಂದಾಗ 'ಶಾರ್ವರಿಯ ವರ್ಷ' ಎಂದೇ ಹೇಳುತ್ತೇವೆ. ನನ್ನ ಹೆಂಡತಿಯ ಜಮಾಖರ್ಚಿನ ಪುಸ್ತಕ ಯುಗಾದಿಗೆ ಆರಂಭವಾಗಿ ಯುಗಾದಿಗೆ ಮುಗಿಯುತ್ತದೆ.

ಆಗ ನಾವು ಪುಣೆಯಲ್ಲಿದ್ದೆವು. ವಿಜಯಪುರ ಸೀಮೆಯವರು ಗೋವೆಗೂ ಪುಣೆಗೂ ದುಡಿಯಲು ಹೋಗುವುದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಓಣಿಗಳಲ್ಲಿ ಮುದುಕರೂ ನಾಯಿಗಳೂ ಮಾತ್ರ ಉಳಿಯುತ್ತಿದ್ದ ಕಾಲವೊಂದಿತ್ತು. ನಾನು ಕಟ್ಟಡದ ಗುತ್ತಿಗೆದಾರರೊಬ್ಬರಲ್ಲಿ ಲೆಕ್ಕ ಬರೆಯುತ್ತಿದ್ದೆ. ಅವಳು ಬಾಡಿಗೆಯ ಒಂದೇ ಕೋಣೆಯಲ್ಲಿ ಹೊಲಿಗೆಯ ಯಂತ್ರವನ್ನಿಟ್ಟುಕೊಂಡು ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ಅವಳ ಪುಸ್ತಕದಲ್ಲಿ ಜಮೆಯ ಕಡೆಗೆ ಎರಡು ಸಾಲು: ಒಂದರ ತಲೆಯ ಮೇಲೆ 'ಅವರದು', ಇನ್ನೊಂದರ ಮೇಲೆ 'ನನ್ನದು'. ಈ ಎರಡನೆಯ ಸಾಲು ಚಿಕ್ಕದೇ; ಆದರೆ ಯಾವ ವಾರವೂ ಬರಿದಾಗಿರುತ್ತಿರಲಿಲ್ಲ.

ಏಪ್ರಿಲಿನಲ್ಲಿ ಎರಡೂ ಸಾಲುಗಳು ನಿಂತವು. ನನ್ನ ಎರಡು ತಿಂಗಳ ಸಂಬಳ ಬಾಕಿ ಉಳಿಯಿತು. ಮೇ ತಿಂಗಳಲ್ಲಿ ಪರವಾನಗಿ ಪಡೆದು, ನಾಲ್ಕು ಕುಟುಂಬ ಕೂಡಿ ಒಂದು ಗಾಡಿ ಮಾಡಿಕೊಂಡು ಮಮದಾಪುರಕ್ಕೆ ಹೊರಟೆವು. ಯಂತ್ರಕ್ಕೆ ಗಾಡಿಯಲ್ಲಿ ಸ್ಥಳವಿರಲಿಲ್ಲ. ಅದನ್ನು ಮನೆಯೊಡತಿಯ ವಶಕ್ಕೆ ಕೊಟ್ಟು ಬಂದೆವು.

ಮಹಾರಾಷ್ಟ್ರದಿಂದ ಬಂದವರನ್ನು ಆಗ ನೇರವಾಗಿ ಮನೆಗೆ ಬಿಡುತ್ತಿರಲಿಲ್ಲ. ನಮ್ಮನ್ನು ಶಾಲೆಯೊಂದರ ಕೋಣೆಯಲ್ಲಿ ಇರಿಸಿದರು. ಆ ಜೂನಿನಲ್ಲಿ ಒಂದನೆಯ ಇಯತ್ತೆಗೆ ಸೇರಬೇಕಾಗಿದ್ದ ನಮ್ಮ ಮಗಳು ಶಾಲೆಯನ್ನು ಮೊದಲು ಕಂಡದ್ದು ಹೀಗೆ: ಪಾಟಿಯಿಲ್ಲ, ಗುರುಗಳಿಲ್ಲ, ರಾತ್ರಿ ಅಲ್ಲಿಯೇ ಮಲಗಬೇಕು. ಅವ್ವ ದಿನವೂ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಗೋಡೆಯ ಮೇಲಿಟ್ಟು ದೂರ ನಿಲ್ಲುತ್ತಿದ್ದಳು. "ಆಯಿ ಬಂದಳು ನೋಡು" ಎಂದರೆ ಹುಡುಗಿಗೆ ಗೊಂದಲ. ಪುಣೆಯ ಓಣಿಯಲ್ಲಿ ಆಯಿ ಎಂದರೆ ತಾಯಿ, ನಮ್ಮಲ್ಲಿ ಅಜ್ಜಿ. ಎರಡು ಊರುಗಳ ನಡುವಿನ ಅಂತರವನ್ನು ಆ ಮಗು ಮೊದಲು ಅಳೆದದ್ದು ಈ ಒಂದು ಮಾತಿನಿಂದ.

ಊರಿಗೆ ಹೆಸರು ಕೊಟ್ಟವನೂ ಕೆರೆ ಕಟ್ಟಿಸಿದವನೂ ಮುಹಮ್ಮದ್ ಆದಿಲ್ ಶಾಹ. 1627ರಿಂದ 1656ರವರೆಗೆ ಆಳಿದ ಈ ಸುಲ್ತಾನನನ್ನು ಜಗತ್ತು ಗೋಳಗುಮ್ಮಟದಿಂದ ನೆನೆಯುತ್ತದೆ. ನಾವು ಕೆರೆಯಿಂದ ನೆನೆಯುತ್ತೇವೆ. ಗುಮ್ಮಟದಲ್ಲಿ ಮಾತು ಮರುದನಿಗೊಡುತ್ತದೆ ನಿಜ, ಕುಡಿಯಲು ನೀರು ಸಿಗುವುದಿಲ್ಲ. ನಾನು ಬಾಲಕನಾಗಿದ್ದಾಗ ಬೇಸಿಗೆಯಲ್ಲಿ ಬಿರುಕುಬಿಟ್ಟ ಕೆರೆಯಂಗಳದಲ್ಲಿ ಆಡಿದ್ದುಂಟು. ಕೃಷ್ಣೆಯ ನೀರನ್ನು ಏತದಿಂದ ಎತ್ತಿ ಜಿಲ್ಲೆಯ ಕೆರೆಗಳನ್ನು ತುಂಬುವ ಯೋಜನೆ ಕಳೆದ ದಶಕದಲ್ಲಿ ಬಂದ ಮೇಲೆ ಆ ಅಂಗಳ ನೀರೊಳಗಾಯಿತು. ಶಾಲೆಯಿಂದ ಬಿಡುಗಡೆಯಾದ ಸಂಜೆ ನಾವು ಮೂವರೂ ದಂಡೆಯ ಮೇಲೆ ಬಹಳ ಹೊತ್ತು ನಿಂತೆವು. ಇಲ್ಲಿಯೇ ಉಳಿಯಬಹುದಲ್ಲ ಎಂಬ ಯೋಚನೆ ನನಗೆ ಬಂದದ್ದು ಆಗಲೇ.

ಜೂನಿನಲ್ಲಿ ಉದ್ಯೋಗ ಖಾತರಿಯ ಕೆಲಸಕ್ಕೆ ಹೋದೆವು. ಹೊಲಗಳಿಗೆ ಒಡ್ಡು ಹಾಕುವ ಕೆಲಸ. ಆ ವರ್ಷ ನಮ್ಮ ರಾಜ್ಯದಲ್ಲಿ ಕೂಲಿ ದಿನಕ್ಕೆ 275 ರೂಪಾಯಿ, ಗಂಡಿಗೂ ಹೆಣ್ಣಿಗೂ ಒಂದೇ. ಹೊಲದ ಕೂಲಿಯಲ್ಲಿ ಹಾಗಿಲ್ಲವೆಂಬುದು ಹಳ್ಳಿಯವರೆಲ್ಲ ಬಲ್ಲ ಸಂಗತಿ. ಮೂವತ್ತೆರಡು ದಿನ ದುಡಿದೆವು. ಪುಸ್ತಕದ ಆ ಪುಟ ಇಂದಿಗೂ ನೋಡಲು ಚೆಂದ: 'ಅವರದು' 8,800, 'ನನ್ನದು' 8,800. ನಮ್ಮ ಸಂಸಾರದ ಚರಿತ್ರೆಯಲ್ಲಿ ಎರಡೂ ಸಾಲುಗಳು ಸರಿಸಮವಾಗಿ ನಿಂತದ್ದು ಅದೊಂದೇ ಸಲ.

ಆಗಸ್ಟಿನಲ್ಲಿ 'ವಿದ್ಯಾಗಮ' ಬಂತು. ಶಾಲೆಗಳು ಮುಚ್ಚಿದ್ದರೂ ಗುರುಗಳೇ ಓಣಿಗೆ ಬಂದು ಗುಡಿಯ ಕಟ್ಟೆಯ ಮೇಲೆ, ಬೇವಿನ ನೆರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡರು. ಕೊರತೆ ಅದರಲ್ಲಿ ಇದ್ದಿರಬಹುದು. ಆದರೆ ಮಗುವಿನ ಬಳಿಗೆ ನಡೆದು ಬರುವ ಗುರುವನ್ನು ಕಂಡ ನನಗೆ ದೂರಲು ಬಾಯಿ ಬಾರದು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಾಗ ಮಗಳ ಕಾಗುಣಿತ ಅರ್ಧದಲ್ಲಿತ್ತು. ಉಳಿದರ್ಧವನ್ನು ತಾಯಿ ಕಲಿಸಿದಳು, ಜಮಾಖರ್ಚಿನ ಪುಸ್ತಕದ ಹಿಂದಿನ ಹಾಳೆಗಳಲ್ಲಿ.

ಆ ಹಾಳೆಗಳು ಖಾಲಿಯಾಗಿದ್ದವು, ಏಕೆಂದರೆ ಮುಂದಿನ ಹಾಳೆಗಳೂ ತುಂಬುತ್ತಿರಲಿಲ್ಲ. ನನಗೆ ಬಬಲೇಶ್ವರದ ಗೊಬ್ಬರದಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ದೊರೆಯಿತು. ಮಳೆ ಹೆಚ್ಚಾಗಿ ತೊಗರಿ ಸ್ವಲ್ಪ ಕೆಟ್ಟಿತು. ಬಿಳಿಜೋಳ ಮಾತ್ರ ಯರಿಯ ನೆಲದಲ್ಲಿ ಹುಲುಸಾಗಿ ಎದ್ದಿತು. ಜನವರಿಯಲ್ಲಿ ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿದೆವು. ಸಜ್ಜೆಯ ರೊಟ್ಟಿ, ಭಜ್ಜಿಪಲ್ಯ ಉಂಡು ಬನ್ನಿಯ ಮರದಡಿಯಲ್ಲಿ ಕುಳಿತಾಗ, "ಇನ್ನು ಪುಣೆಯ ಹಂಬಲ ಏತಕ್ಕೆ?" ಎಂದೆ.

ಅವಳು ತಟ್ಟನೆ ಉತ್ತರ ಕೊಡಲಿಲ್ಲ. ರಾತ್ರಿ ಪುಸ್ತಕವನ್ನು ನನ್ನ ಮುಂದೆ ಬಿಡಿಸಿಟ್ಟಳು.

"ಊರು ಛಲೋ ಅಂತೀರಿ. ಛಲೋನ ಐತಿ. ಆದ್ರ ಈ ಸಾಲು ನೋಡ್ರಿ, ಆಷಾಢದಿಂದ ಒಂದ ಅಂಕಿ ಇಲ್ಲ. ನಸುಕಿನ್ಯಾಗ ಎದ್ದು ರೊಟ್ಟಿ ಬಡೀತೀನಿ, ಹೊಲಕ್ಕ ಹೋಗ್ತೀನಿ, ದನಾ ನೋಡ್ತೀನಿ. ಇದನ್ನ ಯಾವ ಸಾಲಿನ್ಯಾಗ ಬರೀಲಿ?"

"ಹಾಗಾದರೆ ಹೋಗೋಣವೆ?"

"ಮಿಷನ್ ಇಲ್ಲಿಗಿ ಬಂದ್ರ ನಾ ಇರ್ತೀನಿ. ಇಲ್ಲಂದ್ರ ಮಿಷನ್ ಇದ್ದಲ್ಲಿ ಹೋಗ್ತೀನಿ."

ಊರಿಗೆ ಮರಳಿದವರನ್ನು ಕುರಿತು ಆ ವರ್ಷ ಹೃದಯಂಗಮವಾದ ಬರಹಗಳು ಬಹಳ ಬಂದವು. ಅವುಗಳಲ್ಲಿ ನಾನು ಓದಿದವನ್ನು ಹೆಚ್ಚಾಗಿ ಗಂಡಸರೇ ಬರೆದಿದ್ದರು. ಮಣ್ಣಿನ ವಾಸನೆ, ತಾಯಿಯ ಕೈಯಡುಗೆ ಎಂದೆಲ್ಲ ಅವುಗಳಲ್ಲಿರುತ್ತದೆ. ಆ ಅಡುಗೆಗೆ ನೀರು ಹೊತ್ತ ಸೊಸೆಯ ಮಾತು ಬರುವುದು ಅಪರೂಪ.

ಜನವರಿಯ ಕೊನೆಯಲ್ಲಿ ಪುಣೆಗೆ ಹೋದೆ. ಬಾಕಿಯಲ್ಲಿ ಅರ್ಧ ಸಿಕ್ಕಿತು. ಯಂತ್ರ ಇಡಿಯಾಗಿ ಸಿಕ್ಕಿತು. ಮತ್ತೆ ಕೆಲಸಕ್ಕೆ ಬರುವಂತೆ ಕರೆದರು. ನೋಡುತ್ತೇನೆಂದು ಹೇಳಿ ಬಂದೆ. ಮನೆಯಲ್ಲಿ ಯಂತ್ರಕ್ಕೆ ಬೆಳಕಿರುವ ಸ್ಥಳವೆಂದರೆ ಪಡಸಾಲೆ ಒಂದೇ. ಅಲ್ಲಿ ತೊಗರಿಯ ಚೀಲಗಳಿದ್ದವು. ಕಾಳಿರುವ ಜಾಗದಲ್ಲಿ ಊರಿನ ಹೆಂಗಸರು ಬಂದು ಕೂರುವುದು ಅವ್ವನಿಗೆ ಒಪ್ಪಿಗೆಯಾಗಲಿಲ್ಲ. ಎರಡು ದಿನ ಸೊಸೆಯೊಡನೆ ಮಾತಿಲ್ಲ. ಮೂರನೆಯ ದಿನ ನನ್ನನ್ನು ಕರೆದು, "ತಮ್ಮಾ, ಚೀಲಾ ಒಳಗ ಹಾಕು. ಆಕಿ ಕಣ್ಣು ಕತ್ತಲಾಗ ಕೆಡ್ತಾವು" ಎಂದಳು.

2021ರ ಏಪ್ರಿಲ್ 13ರಂದು ಪ್ಲವ ಸಂವತ್ಸರ ಬಂತು. ಪ್ಲವ ಎಂದರೆ ತೆಪ್ಪ. ಎರಡು ವಾರ ಕಳೆಯುವುದರೊಳಗೆ, ಏಪ್ರಿಲ್ 27ರಿಂದ, ರಾಜ್ಯದಲ್ಲಿ ಮತ್ತೆ ನಿರ್ಬಂಧಗಳು ಬಂದವು. ಪುಣೆಯ ಮಾತು ತಾನಾಗಿಯೇ ಹಿಂದೆ ಬಿತ್ತು. ಹೊಸ ಪುಸ್ತಕದಲ್ಲಿ ಅವಳು ಮೂರು ಸಾಲು ಎಳೆದಿದ್ದಳು: 'ಅವರದು', 'ನನ್ನದು', 'ಹೊಲದ್ದು'. ಮೂರನೆಯದು ಇಬ್ಬರಿಗೂ ಸೇರಿದ್ದೆಂದು ನನಗೆ ತಿಳಿಸಿ ಹೇಳಿದಳು. 'ನನ್ನದು' ಎಂಬ ಸಾಲಿನಲ್ಲಿ ಮೊದಲು ಬಿದ್ದದ್ದು 60 ರೂಪಾಯಿ, ಅವ್ವನ ಕುಪ್ಪಸದ ಹೊಲಿಗೆ. ಬೇಡವೆಂದರೂ ಅವ್ವ ಎಲೆಯಡಿಕೆಯ ಚೀಲದಿಂದ ಎಣಿಸಿ ಕೊಟ್ಟು, ಬರೆದುಕೊಂಡಳೋ ಇಲ್ಲವೋ ಎಂದು ಮೊಮ್ಮಗಳಿಂದ ಓದಿಸಿ ನೋಡಿದಳು.