ರೋಗಪತ್ತೆ ಪರೀಕ್ಷೆಯ ನಿಖರತೆಯನ್ನು ಅಳೆಯುವ ಬಗೆ

ಪ್ರಶ್ನೆ: ಮಂಗನ ಕಾಯಿಲೆಯ ರಕ್ತಪರೀಕ್ಷೆ ನಿಖರವೆಂಬ ಸಂಶೋಧಕರ ಮಾತನ್ನು ಹೇಗೆ ನಂಬುವುದು? (ಅಂಕೋಲಾದ ಓದುಗರು)

ಉತ್ತರ: ಇಂಥ ಸಂಶೋಧನೆಗಳ ವರದಿಯಲ್ಲಿ ಏನೇನಿರಬೇಕೆಂದು ತಿಳಿಸಲು 2003ರಲ್ಲಿ ರೂಪುಗೊಂಡ ‘ಸ್ಟಾರ್ಡ್’ ಮಾರ್ಗಸೂಚಿ 2015ರಲ್ಲಿ ಪರಿಷ್ಕೃತವಾಗಿ 30 ಅಂಶಗಳನ್ನು ಒಳಗೊಂಡಿದೆ. ರೋಗವುಳ್ಳವರಲ್ಲಿ ಎಷ್ಟು ಮಂದಿಯನ್ನು ಪರೀಕ್ಷೆ ಗುರುತಿಸಿತೆಂಬ ಸಂವೇದನಾಶೀಲತೆಯೂ ರೋಗವಿಲ್ಲದವರಲ್ಲಿ ಎಷ್ಟು ಮಂದಿಯನ್ನು ರೋಗಮುಕ್ತರೆಂದು ತೋರಿಸಿತೆಂಬ ನಿರ್ದಿಷ್ಟತೆಯೂ, ಯಾರನ್ನು ಆಯ್ದು, ಯಾವ ಆಧಾರ ಪರೀಕ್ಷೆಯೊಡನೆ ಹೋಲಿಸಲಾಯಿತೆಂಬುದನ್ನು ಅವಲಂಬಿಸುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ ಮುಂದೆ ಉತ್ತರ ಕನ್ನಡಕ್ಕೂ ಹಬ್ಬಿದ ಈ ಕಾಯಿಲೆಯಲ್ಲಿ, ಜ್ವರದ ಮೊದಲ ದಿನಗಳಲ್ಲಿ ವೈರಾಣುವಿನ ಆರ್‌ಎನ್‌ಎ ಹುಡುಕುವ ಪಿಸಿಆರ್, ಅನಂತರ ಪ್ರತಿಕಾಯ ಹುಡುಕುವ ಎಲಿಸಾ ಹೆಚ್ಚು ಫಲಕಾರಿಯಾದ್ದರಿಂದ, ರಕ್ತವನ್ನು ಜ್ವರದ ಎಷ್ಟನೆಯ ದಿನ ತೆಗೆಯಲಾಯಿತೆಂದು ಹೇಳದ ವರದಿಯ ಶೇಕಡಾವಾರು ಅಂಕಿ, ಎಷ್ಟೇ ದೊಡ್ಡದಿದ್ದರೂ, ವೈದ್ಯರ ನಿರ್ಧಾರಕ್ಕೆ ಆಧಾರವಾಗಲಾರದು.